ಬೆಚ್ಚಿ ಬೀಳ್ತಾಳಾ?

ಜೂನ್ ಮುಗಿದು ಜುಲೈ ಹಿಡಿಯುವ ಹೊತ್ತಿಗೆ ನಮ್ಮ ಸೊಸೈಟಿಯ ಅಮ್ಮಂದಿರ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂದೇ ಬರುತ್ತದೆ. ಯಾವುದೋ ಮಗುವಿನ ಅಂಗೈ. ಅದರ ಮೇಲೆ ನಾಲ್ಕೈದು ಕೆಂಪು ಚುಕ್ಕೆ. ಕೆಳಗೆ ಒಂದೇ ಸಾಲು: 'ಇದು ಅದೇನಾ?' ಅದು ಅಂದರೆ ಯಾವುದು ಅಂತ ಯಾರೂ ಕೇಳುವುದಿಲ್ಲ. ಹ್ಯಾಂಡ್ ಫುಟ್ ಮೌತ್. ಕೈ, ಕಾಲು, ಬಾಯಿಯಲ್ಲಿ ಗುಳ್ಳೆ, ಹುಣ್ಣು ಎಬ್ಬಿಸುವ ಮಕ್ಕಳ ವೈರಸ್ ಕಾಯಿಲೆ. ಪುಣೆಯಲ್ಲಿ ಚಿಕ್ಕ ಮಕ್ಕಳಿರುವ ಮನೆಯವರಿಗೆ ಈ ಹೆಸರು ಗೊತ್ತಿಲ್ಲದೇ ಇರುವುದು ಕಷ್ಟ. ಐದು ನಿಮಿಷದಲ್ಲಿ ಉತ್ತರಗಳ ಸಾಲು ಶುರು. ಒಬ್ಬರು ಹೌದು ಅನ್ನುತ್ತಾರೆ. ಒಬ್ಬರು ಸೊಳ್ಳೆ ಕಚ್ಚಿರಬೇಕು ಅನ್ನುತ್ತಾರೆ. ಇನ್ನೊಬ್ಬರು ಹೋದ ವರ್ಷ ತಮ್ಮ ಮಗನಿಗೆ ಕೊಟ್ಟ ಆಂಟಿಬಯಾಟಿಕ್ ಬಾಟಲಿಯ ಫೋಟೋ ಹಾಕುತ್ತಾರೆ. ಅಷ್ಟರಲ್ಲಿ ಮತ್ತೊಬ್ಬರು, ಬಹಳ ವಿನಯದಿಂದಲೇ, 'ನಿಮ್ಮ ಮಗು ನಿನ್ನೆ ಜಾರುಬಂಡಿ ಹತ್ತಿರ ಆಡ್ತಿತ್ತಲ್ವಾ?' ಅಂತ ಕೇಳಿರುತ್ತಾರೆ.

ಹೆಸರು ಎಲ್ಲರಿಗೂ ಬಾಯಿಪಾಠ. ನನ್ನ ತಲೆ ಕೊರೆಯುತ್ತಿರುವುದು ಅದೇ ವಿಷಯ. ಹೆಸರು ಸಿಕ್ಕಿತು ಅಂದರೆ ಕಾಯಿಲೆ ಅರ್ಥವಾಯಿತು ಅಂದುಕೊಂಡು ಬಿಡುತ್ತೇವೆ. ನಮ್ಮ ಮಗಳಿಗೆ ಬಂದಾಗ ಡಾಕ್ಟರು ಹೆಸರು ಹೇಳಿದ್ದು ಕಟ್ಟಕಡೆಗೆ. ಅದೂ ಎದ್ದು ಹೊರಡುವಾಗ, ನಾನಾಗಿ ಕೇಳಿದ್ದಕ್ಕೆ. ಅಲ್ಲಿಯವರೆಗೂ ಅವರು ನೋಡುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು. ಆ ಪ್ರಶ್ನೆಗಳಲ್ಲಿ ಒಂದಂತೂ ಆಗ ತೀರಾ ವಿಚಿತ್ರ ಅನ್ನಿಸಿತ್ತು. ಆಮೇಲೆ ನಿಧಾನಕ್ಕೆ ಓದುತ್ತಾ ಹೋದಾಗ ಗೊತ್ತಾಯಿತು, ಹೆಸರಿಗಿಂತ ಆ ಪ್ರಶ್ನೆಗಳಲ್ಲೇ ಜಾಸ್ತಿ ವಿಷಯ ಇತ್ತು ಅಂತ.

ನೋಡಿದ್ದು, ಕೇಳಿದ್ದು

ಪುಣೆಯ ಪಾಷಾಣ ಬಡಾವಣೆಯಿಂದ ಸೂಸ್ ಕಡೆ ಹೋಗುವ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲೆ ಇರುವ ಸಣ್ಣ ಕ್ಲಿನಿಕ್ಕು. ಹೊರಗೆ ಜಿಟಿಜಿಟಿ ಮಳೆ. ಮೆಟ್ಟಿಲ ತುಂಬಾ ಒದ್ದೆ ಛತ್ರಿ. ಮಗಳಿಗೆ ಎರಡು ತುಂಬಿ ಸ್ವಲ್ಪ ಸಮಯವಾಗಿತ್ತು. ಮೊದಲು ಸಣ್ಣ ಜ್ವರ ಬಂತು. ಆಮೇಲೆ ಊಟ ಬಿಟ್ಟಳು. ಆಮೇಲೆ ಜೊಲ್ಲು. ಅಂಗಿಯ ಎದೆಭಾಗವೆಲ್ಲ ಒದ್ದೆಯಾಗುವಷ್ಟು ಜೊಲ್ಲು. ದವಡೆ ಹಲ್ಲು ಬರುತ್ತಿರಬೇಕು ಅಂತ ಮನೆಯಲ್ಲಿ ಮಾತಾಡಿಕೊಂಡಿದ್ದೆವು. ಸೊರಬದ ಮಳೆ ತಪ್ಪಿಸಿಕೊಳ್ಳೋಕೆ ಅಂತ ಬಂದು ಪುಣೆಯ ಮಳೆಗೆ ಸಿಕ್ಕಿಬಿದ್ದ ನಮ್ಮತ್ತೆಯೂ ಜೊತೆಗೇ ಇದ್ದರು. ಮೊಮ್ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ಅವರನ್ನು ಬಿಟ್ಟು ಹೋಗುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಡಾಕ್ಟರು ವಯಸ್ಸಾದವರು. ಮಾತು ಕಡಿಮೆ. 'ತೋಂಡ್ ಉಘಡ್ ಬಾಳಾ' ಅಂದರು. ಮಗಳು ಬಾಯಿ ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡಳು. ಅವರು ಕಾಯ್ದರು. ಅವಳು ಅಳೋಕೆ ಬಾಯಿ ತೆಗೆದ ಕೂಡಲೇ ಟಾರ್ಚ್ ಬಿಟ್ಟು ನೋಡಿಯೇಬಿಟ್ಟರು. ನಾನೂ ಬಗ್ಗಿ ನೋಡಿದೆ. ನಾಲಿಗೆಯ ಅಂಚಿನಲ್ಲಿ, ಕೆನ್ನೆಯ ಒಳಗೆ, ಕಿರುನಾಲಿಗೆಯ ಸುತ್ತ ಸಣ್ಣ ಸಣ್ಣ ಹುಣ್ಣು. ನಡುವೆ ಹಳದಿ ಮಿಶ್ರಿತ ಬಿಳಿ, ಸುತ್ತ ಕೆಂಪು ಗೆರೆ. ಆಮೇಲೆ ಅಂಗೈ ಬಿಡಿಸಿ ನೋಡಿದರು. ಸಾಕ್ಸ್ ತೆಗೆಸಿ ಅಂಗಾಲು ನೋಡಿದರು. ಡೈಪರ್ ಸರಿಸಿ ಕುಂಡೆ ನೋಡಿದರು. ಮೊಣಕಾಲು, ಮೊಣಕೈ. ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಅಂಗಿ ಎತ್ತಿ ಹೊಟ್ಟೆ, ಬೆನ್ನು ನೋಡಿದರು. ಕಿವಿಯ ಹಿಂದೆ ನೋಡಿದರು. ಹೇನು ಹುಡುಕುವವರ ಹಾಗೆ ಬೆರಳಿನಿಂದ ಕೂದಲು ಬಿಡಿಸಿ ನೆತ್ತಿಯನ್ನೂ ನೋಡಿದರು. ಅಲ್ಲೆಲ್ಲ ಏನೂ ಇರಲಿಲ್ಲ. ಏನೂ ಇಲ್ಲದಿರುವುದನ್ನೇ ಅವರು ಹುಡುಕುತ್ತಿದ್ದರು ಅಂತ ಆಗ ನನಗೆ ಹೊಳೆಯಲಿಲ್ಲ.

ಆಮೇಲೆ ಪ್ರಶ್ನೆಗಳು. ತುರಿಸಿಕೊಳ್ಳುತ್ತಾಳಾ? ನೀರು ಕುಡಿಯುತ್ತಾಳಾ? ಕೊನೇ ಸಲ ಉಚ್ಚೆ ಹೊಯ್ದದ್ದು ಎಷ್ಟು ಹೊತ್ತಿಗೆ? ಅತ್ತಾಗ ಕಣ್ಣೀರು ಬರುತ್ತದಾ? ವಾಂತಿ ಆಯಿತಾ? ನಡೆಯುವಾಗ ವಾಲುತ್ತಾಳಾ? ಕೊನೆಗೆ, ನಿದ್ದೆ ಹತ್ತುವಾಗ ಬೆಚ್ಚಿ ಬೀಳ್ತಾಳಾ?

ಕೊನೆಯ ಪ್ರಶ್ನೆಯನ್ನು ಅವರು ಎರಡು ಸಲ ಕೇಳಿದರು. ಅತ್ತೆಗೆ ಅಷ್ಟಿಷ್ಟು ಮರಾಠಿ ಅರ್ಥವಾಗುತ್ತದೆ. 'ಮಕ್ಕಳು ಬೆಚ್ಚೋದು ಇದ್ದದ್ದೇ ಅಲ್ವೇನೇ. ಸಂಜೆ ದೃಷ್ಟಿ ತೆಗೆದರೆ ಸರಿ ಹೋಗತ್ತೆ ಅನ್ನು ಅವರಿಗೆ' ಅಂದರು. ದೃಷ್ಟಿ ವಿಷಯ ಬಿಟ್ಟು ಉಳಿದದ್ದನ್ನು ನಾನು ಮರಾಠಿಯಲ್ಲಿ ಹೇಳಿದೆ. ಡಾಕ್ಟರು ನಗಲಿಲ್ಲ. 'ಒಂದೆರಡು ಸಲ ಬೆಚ್ಚಿದರೆ ಪರವಾಗಿಲ್ಲ. ಕಣ್ಣು ಮುಚ್ಚಿದಾಗೆಲ್ಲ ಕೈಕಾಲು ಝಾಡಿಸಿ ಬೆಚ್ಚಿದರೆ ಮಧ್ಯರಾತ್ರಿಯಾದರೂ ದೊಡ್ಡಾಸ್ಪತ್ರೆಗೆ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ' ಅಂದರು. ಯಾಕೆ ಅಂತ ಹೇಳಲಿಲ್ಲ. ಚೀಟಿಯಲ್ಲಿ ಮಗುವಿನ ತೂಕ ಬರೆದು, ಅದರ ಪಕ್ಕ ಜ್ವರಕ್ಕೆ, ನೋವಿಗೆ ಪ್ಯಾರಾಸಿಟಮಾಲ್ ಬರೆದರು. ಅದರ ಕೆಳಗೆ ಓಆರ್‌ಎಸ್. ಅದರ ಕೆಳಗೆ, ನಾನು ಕಣ್ಣುಜ್ಜಿಕೊಂಡು ಓದಿದೆ, ಐಸ್‌ಕ್ರೀಮ್.

ಅಮ್ಮ ಅಲ್ಲ

ನಾವು ಮನೆಗೆ ಬರುವ ಹೊತ್ತಿಗೆ ಕೆಲಸದ ಮಾವಶಿ ಬೇವಿನ ಸೊಪ್ಪು ತಂದಿಟ್ಟಿದ್ದರು. ಅವರ ಪ್ರಕಾರ ಇದು ಕಾಂಜಿಣ್ಯಾ. ಅತ್ತೆಯ ಪ್ರಕಾರ ಅಮ್ಮ. ಎರಡೂ ಸೀತಾಳೆ ಸಿಡುಬಿನ ಹೆಸರೇ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ಹಾಗಿದ್ದೂ ಹಾಸಿಗೆಯ ತಲೆದೆಸೆಗೆ ಸೊಪ್ಪು ಕಟ್ಟುವ ವಿಷಯದಲ್ಲಿ ಎಷ್ಟು ಬೇಗ ಒಪ್ಪಂದಕ್ಕೆ ಬಂದರು ಅಂದರೆ, ನಾನು ಚಪ್ಪಲಿ ಬಿಡುವಷ್ಟರಲ್ಲಿ ಕಟ್ಟಿ ಮುಗಿದಿತ್ತು. ಇರಲಿ ಅಂತ ಬಿಟ್ಟೆ. ಬೇವಿನ ಗಾಳಿಯಿಂದ ಯಾರಿಗೂ ಕೇಡಾಗುವುದಿಲ್ಲ. ಒಗ್ಗರಣೆ ಹಾಕಬಾರದು, ಮನೆಗೆ ಯಾರೂ ಬರಬಾರದು ಅನ್ನುವ ಅತ್ತೆಯ ಕಟ್ಟಳೆಯಲ್ಲಿ ಎರಡನೆಯದಂತೂ ಡಾಕ್ಟರ ಮಾತಿಗೆ ಸರಿಯಾಗಿ ಹೊಂದಿತ್ತು.

ಆದರೆ ಇದು ಅಮ್ಮ ಅಲ್ಲ ಅಂತ ಡಾಕ್ಟರಿಗೆ ಹೇಗೆ ಗೊತ್ತಾಯಿತು? ಹೊಟ್ಟೆ, ಬೆನ್ನು, ನೆತ್ತಿ ನೋಡಿದ್ದು ಇದಕ್ಕೇ. ಸೀತಾಳೆ ಸಿಡುಬಿನ ಗುಳ್ಳೆ ಸಾಮಾನ್ಯವಾಗಿ ಎದೆ, ಹೊಟ್ಟೆ, ಬೆನ್ನು, ಮುಖದಲ್ಲಿ ಶುರುವಾಗುತ್ತದೆ. ನೆತ್ತಿಯ ಮೇಲೂ ಏಳುತ್ತದೆ. ಒಂದು ಕಡೆ ಕೆಂಪು ಚುಕ್ಕೆ, ಪಕ್ಕದಲ್ಲೇ ನೀರುಗುಳ್ಳೆ, ಇನ್ನೊಂದು ಕಡೆ ಆಗಲೇ ಒಣಗಿದ ಹಕ್ಕಳೆ, ಹೀಗೆ ಎಲ್ಲವೂ ಒಟ್ಟಿಗೇ ಕಾಣಿಸುತ್ತವೆ. ವಿಪರೀತ ತುರಿಕೆ. ಅಂಗೈ ಅಂಗಾಲಿಗೆ ಬರುವುದು ಕಡಿಮೆ. ನಮ್ಮ ಮಗಳಿಗೆ ಎಲ್ಲವೂ ತಿರುಗುಮುರುಗು. ಮೈ ನಡುಭಾಗ ಬೋಳು. ಕೈ, ಕಾಲು, ಕುಂಡೆ, ಬಾಯಿ ಮಾತ್ರ ತುಂಬಿತ್ತು. ಅಂಗೈಯ ಗುಳ್ಳೆಗಳು ದುಂಡಗಿರಲಿಲ್ಲ. ಚರ್ಮದ ಗೆರೆ ಹಿಡಿದು ಉದ್ದುದ್ದಕ್ಕೆ, ಅಕ್ಕಿಕಾಳಿನಷ್ಟು, ಬೂದು ಬಣ್ಣಕ್ಕಿದ್ದವು. ಮುಟ್ಟಿದರೆ ಕೈ ಎಳೆದುಕೊಳ್ಳುತ್ತಿದ್ದಳು, ತುರಿಸಿಕೊಳ್ಳುತ್ತಿರಲಿಲ್ಲ. ಇನ್ನು ಕಿವಿಯ ಹಿಂದೆ ನೋಡಿದ್ದು ದಡಾರಕ್ಕೆ. ಅದರ ಕೆಂಪು ಅಲ್ಲಿಂದ, ಮುಖದಿಂದ ಶುರುವಾಗಿ ಕೆಳಕ್ಕಿಳಿಯುತ್ತದೆ. ಜೊತೆಗೆ ಕೆಮ್ಮು, ಸುರಿಯುವ ಮೂಗು, ಕೆಂಪು ಕಣ್ಣು.

ಹಾಗಂತ ಈ ಲೆಕ್ಕ ಯಾವಾಗಲೂ ಇಷ್ಟು ನೇರ ಇರುವುದಿಲ್ಲ. ಹ್ಯಾಂಡ್ ಫುಟ್ ಮೌತ್ ತರುವ ವೈರಸ್ ಒಂದೇ ಅಲ್ಲ. ಬಹಳ ಕಾಲದಿಂದ ಹೆಸರಾಗಿರುವುದು ಕಾಕ್ಸಾಕಿ ಎ16. ಈಚಿನ ವರ್ಷಗಳಲ್ಲಿ ಎ6 ಅನ್ನುವ ಅದರ ಸೋದರ ಜೋರಾಗಿದೆ. ಅದು ಬಂದರೆ ಬಾಯಿಯ ಸುತ್ತಲೂ, ತೋಳಿನ ಮೇಲೂ, ಕಾಲಿನ ಉದ್ದಕ್ಕೂ ದೊಡ್ಡ ದೊಡ್ಡ ಗುಳ್ಳೆ ಎದ್ದು ಸೀತಾಳೆ ಸಿಡುಬೇ ಇರಬೇಕು ಅನ್ನಿಸಿಬಿಡುತ್ತದೆ. ಎಕ್ಸಿಮಾ ಇರುವ ಮಕ್ಕಳಿಗಂತೂ ಮೊದಲೇ ಕೆರಳಿದ ಚರ್ಮದ ಮೇಲೇ ಗುಳ್ಳೆಗಳ ದಂಡು. ಒಂದು ಅಂಗೈಯ ಫೋಟೋ ನೋಡಿ ಗ್ರೂಪಿನಲ್ಲಿ ತೀರ್ಪು ಕೊಡುವುದು ಯಾಕೆ ಕೆಲಸಕ್ಕೆ ಬಾರದ್ದು ಅಂತ ನನಗೆ ಅರ್ಥವಾದದ್ದು ಇಲ್ಲೇ. ಅಂಗೈಯಲ್ಲಿ ಏನಿದೆ ಅನ್ನುವುದರ ಜೊತೆಗೆ ಬೆನ್ನಲ್ಲಿ ಏನಿಲ್ಲ ಅನ್ನುವುದೂ ಬೇಕು. ಫೋಟೋದಲ್ಲಿ ಅದು ಬರುವುದಿಲ್ಲ.

ಊರಿಗೆ ಫೋನ್ ಮಾಡಿ ಹೇಳಿದಾಗ ಇನ್ನೊಂದು ಗಲಾಟೆ. 'ಕಾಲುಬಾಯಿ ಜ್ವರ ಅಂತೆ' ಅಂತ ಸುದ್ದಿ ಕೊಟ್ಟಿಗೆಯವರೆಗೂ ಹೋಯಿತು. ದನಕ್ಕೆ ಬರೋದು ಮಗೂಗೆ ಹೇಗೆ ಬಂತು, ಪುಣೆಯಲ್ಲಿ ಎಂಥಾ ಹಾಲು ಕುಡಿಸ್ತೀರಿ ಅಂತ ಮಾವನವರ ವಿಚಾರಣೆ. ಎರಡೂ ಬೇರೆ ಬೇರೆ ಕಾಯಿಲೆ. ವೈರಸ್‌ಗಳ ದೊಡ್ಡ ಕುಟುಂಬ ಒಂದೇ ಆದರೂ ದನದ್ದು ಬೇರೆ, ಮಕ್ಕಳದ್ದು ಬೇರೆ. ಮಕ್ಕಳದ್ದು ದನಕ್ಕೆ ಹೋಗುವುದಿಲ್ಲ, ದನದಿಂದ ಬರುವುದೂ ಇಲ್ಲ. ಇಷ್ಟು ಹೇಳಿದ ಮೇಲೂ ಮಾವನವರು ಹಾಲಿನ ವಿಷಯ ಬಿಡಲಿಲ್ಲ. ಅದು ಅವರಿಗೂ ಪುಣೆಗೂ ಇರುವ ಹಳೇ ವ್ಯಾಜ್ಯ.

ಒಳಲೆ ಮತ್ತು ಉಚ್ಚೆಯ ಲೆಕ್ಕ

ಈ ಕಾಯಿಲೆಯಲ್ಲಿ ನಿಜವಾಗಿ ಹೆದರಬೇಕಾದದ್ದು ಸಾಮಾನ್ಯವಾಗಿ ಗುಳ್ಳೆಗಲ್ಲ, ಬಾಯಾರಿಕೆಗೆ. ಚರ್ಮದ ಗುಳ್ಳೆ ಒಂದು ವಾರ, ಹತ್ತು ದಿನದಲ್ಲಿ ತಾನಾಗಿ ಒಣಗುತ್ತದೆ. ಬಾಯಿಯ ಹುಣ್ಣು ಇರುವ ಮೊದಲ ಕೆಲವು ದಿನಗಳೇ ಕಷ್ಟ. ನುಂಗಿದರೆ ಉರಿ. ಹಾಗಾಗಿ ಮಗು ನುಂಗುವುದನ್ನೇ ನಿಲ್ಲಿಸುತ್ತದೆ. ಉಗುಳನ್ನೂ ನುಂಗದೆ ಜೊಲ್ಲು ಸುರಿಸುತ್ತದೆ. ಜ್ವರದ ಮೈ, ಒಳಗೆ ನೀರು ಹೋಗುತ್ತಿಲ್ಲ. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಗಿ ಬರುವುದು ಬಹಳ ಸಲ ಇದೇ ಕಾರಣಕ್ಕೆ. ಉಚ್ಚೆಯ ಪ್ರಶ್ನೆ, ಕಣ್ಣೀರಿನ ಪ್ರಶ್ನೆ ಎರಡೂ ಇಲ್ಲಿಂದ ಬಂದವು. ಆರರಿಂದ ಎಂಟು ಗಂಟೆ ಡೈಪರ್ ಒಣಗಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ನಾಲಿಗೆ ಒಣಗಿದ್ದರೆ, ಮಗು ಆಟ ಬಿಟ್ಟು ಜೋತು ಬಿದ್ದಿದ್ದರೆ ಹೊರಡಬೇಕು ಅಂತ ಅರ್ಥ.

ಆ ರಾತ್ರಿ ನಾನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ ತರಾವರಿ ಲೋಟಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಒಂದರಲ್ಲಿ ಗಂಜಿ ತಿಳಿ. ಎಂದಿನಂತೆ ಚಿಟಿಕೆ ಉಪ್ಪು ಹಾಕಿದ್ದೆ. ನಾಲಿಗೆಗೆ ತಾಗಿದ ಕೂಡಲೇ ಕಿರುಚಿ ಲೋಟ ತಳ್ಳಿದಳು. ಮಜ್ಜಿಗೆ, ಹುಳಿ, ಅದೂ ಬೇಡ. ಬಿಸಿ ಹಾಲು ಬೇಡ. ಕಿತ್ತಳೆ ರಸದ ವಾಸನೆಗೇ ಮುಖ ತಿರುಗಿಸಿದಳು. ಸ್ಟೀಲ್ ಚಮಚದ ಅಂಚು ತುಟಿಯ ಹುಣ್ಣಿಗೆ ತಾಗಿದರೂ ಅಳು. ಆಗ ಅತ್ತೆ ತಮ್ಮ ಟ್ರಂಕು ತೆಗೆದು ಬಟ್ಟೆಗಳ ನಡುವಿನಿಂದ ಒಂದು ಸಣ್ಣ ಪೊಟ್ಟಣ ತಂದರು. ಬಿಡಿಸಿದರೆ ಬೆಳ್ಳಿಯ ಒಳಲೆ. ನನ್ನ ಗಂಡನಿಗೆ ಹಾಲು ಹಾಕಿದ್ದು, ಅವನ ತಂಗಿಗೆ ಹಾಕಿದ್ದು. ಮೂತಿ ನುಣುಪಾಗಿ ಸವೆದಿತ್ತು. ಮಗಳನ್ನು ತೊಡೆಯ ಮೇಲೆ ಓರೆಯಾಗಿ ಮಲಗಿಸಿಕೊಂಡು, ಫ್ರಿಜ್ಜಿನಲ್ಲಿ ತಣ್ಣಗಾದ ಎಳನೀರನ್ನು ಕೆನ್ನೆಯ ಒಳಬದಿಗೆ, ಹುಣ್ಣು ಕಡಿಮೆ ಇದ್ದ ಕಡೆಗೆ, ಒಂದೊಂದೇ ಗುಟುಕು ಬಿಟ್ಟರು. ಒಂದು ಗುಟುಕು ಒಳಗೆ ಹೋದ ಮೇಲೆ ಕಾಯುವುದು. ಆಮೇಲೆ ಇನ್ನೊಂದು. ಎರಡು ವರ್ಷದ ಹುಡುಗಿ ಎಳೆ ಕೂಸಿನ ಹಾಗೆ ಒಳಲೆಯಲ್ಲಿ ಕುಡಿಯುತ್ತಿದ್ದಳು. ಪ್ಯಾರಾಸಿಟಮಾಲ್ ಕೊಟ್ಟು ಅರ್ಧ ಗಂಟೆ ಬಿಟ್ಟು ಕುಡಿಸಿದರೆ ಇನ್ನೂ ಸಲೀಸು ಅಂತ ಎರಡನೇ ಸುತ್ತಿಗೆ ಗೊತ್ತಾಯಿತು. ನೋವಿಗೆ ಔಷಧಿ ಬರೆದದ್ದು ಜ್ವರ ಇಳಿಸೋಕೆ ಮಾತ್ರ ಅಲ್ಲ, ಹೀಗೆ ನೀರು ಒಳಗೆ ಕಳಿಸೋಕೆ.

ಐಸ್‌ಕ್ರೀಮ್ ಮಾತ್ರ ಅತ್ತೆಗೆ ಕೊನೇವರೆಗೂ ಜೀರ್ಣವಾಗಲಿಲ್ಲ. 'ಅಲ್ಲ ಮಾರಾಯ್ತಿ, ಜ್ವರದ ಮಗೂಗೆ ಐಸ್‌ಕ್ರೀಮಾ? ಓದಿದ್ದು ಹೌದಾ ಅವರು?' ತಣ್ಣಗಿನದ್ದು ಹುಣ್ಣಿನ ಉರಿ ಮರೆಸುತ್ತದೆ, ಹಾಲು ಸಕ್ಕರೆ ಹೊಟ್ಟೆಗೆ ಹೋಗುತ್ತದೆ, ಅಗಿಯುವ ಕೆಲಸ ಇಲ್ಲ. ಇದಕ್ಕಿಂತ ಒಳ್ಳೇ ಪಥ್ಯ ಈ ಕಾಯಿಲೆಗೆ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಮಾರನೇ ದಿನ ನನ್ನ ಗಂಡ ಪುಣೆಯವರ ಪ್ರೀತಿಯ ಮಾವಿನಹಣ್ಣಿನ ಮಸ್ತಾನಿ ಕಟ್ಟಿಸಿಕೊಂಡು ಬಂದ. ಮಗಳು ಮೇಲಿನ ಐಸ್‌ಕ್ರೀಮ್ ತಿಂದಳು. ಕೆಳಗಿನ ಹಾಲನ್ನು ಅತ್ತೆ, ಚೆಲ್ಲಬಾರದು ಅನ್ನುವ ಒಂದೇ ಕಾರಣಕ್ಕೆ, ಕುಡಿದರು.

ಗ್ರೂಪಿನಲ್ಲಿ ಬಂದಿದ್ದ ಸಲಹೆಗಳಲ್ಲಿ ಕೆಲವನ್ನು ಇಲ್ಲೇ ಹೇಳಿಬಿಡುತ್ತೇನೆ. ಆಂಟಿಬಯಾಟಿಕ್ ವೈರಸ್ಸಿಗೆ ನಾಟುವುದಿಲ್ಲ. ಗುಳ್ಳೆ ಕೀವಾದರೆ ಮಾತು ಬೇರೆ, ಅದನ್ನು ಡಾಕ್ಟರು ನೋಡಿ ಹೇಳಬೇಕು. ಬಾಯಿ ಮರಗಟ್ಟಿಸುವ ಲಿಗ್ನೋಕೇನ್ ಜೆಲ್ಲನ್ನು ಪುಟ್ಟ ಮಕ್ಕಳ ಬಾಯಿಗೆ ನಾವೇ ಸವರಬಾರದು. ನುಂಗಿದರೆ ಅಪಾಯ. ಆಸ್ಪಿರಿನ್ ಅಂತೂ ಮಕ್ಕಳ ವೈರಲ್ ಜ್ವರಕ್ಕೆ ಬೇಡವೇ ಬೇಡ.

ಬೆಚ್ಚುವುದರ ಹಿಂದೆ ಏನಿತ್ತು

ಮಗಳು ಹುಷಾರಾಗಿ ಮತ್ತೆ ಮನೆ ಪುಡಿಮಾಡಲು ಶುರು ಮಾಡಿದ ಮೇಲೆಯೇ ನಾನು ಆ ಕೊನೇ ಪ್ರಶ್ನೆಯ ಬೆನ್ನು ಹತ್ತಿದ್ದು. ಆಗಲೇ ಓದಿದ್ದರೆ ನಿದ್ದೆ ಕೆಡುತ್ತಿತ್ತು.

ಕಾಕ್ಸಾಕಿ ಎ16 ಮತ್ತು ಎ6ರ ನೆಂಟಸ್ತಿಕೆಯಲ್ಲೇ ಎಂಟೆರೋವೈರಸ್ ಎ71 ಅಂತ ಒಂದಿದೆ. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲು ಸಿಕ್ಕಿದ್ದು. ಅದೂ ಕೈ, ಕಾಲು, ಬಾಯಿಯಲ್ಲಿ ಇದೇ ತರಹ ಗುಳ್ಳೆ ಎಬ್ಬಿಸುತ್ತದೆ. ಬಹಳ ಮಕ್ಕಳಲ್ಲಿ ಅಲ್ಲಿಗೇ ಮುಗಿಯುತ್ತದೆ. ಆದರೆ ಕೆಲವರಲ್ಲಿ ಮೆದುಳಿನ ಕಾಂಡಕ್ಕೆ, ಅಂದರೆ ಉಸಿರು, ಎದೆಬಡಿತ ನೋಡಿಕೊಳ್ಳುವ ಮೆದುಳಿನ ಬುಡಕ್ಕೆ, ಹೋಗುತ್ತದೆ. 1997ರಲ್ಲಿ ಮಲೇಷ್ಯಾದ ಸರವಾಕ್‌ನಲ್ಲಿ ಹೀಗೆ ಪುಟ್ಟ ಮಕ್ಕಳು ಸತ್ತರು. ಮರುವರ್ಷ ತೈವಾನ್‌ನಲ್ಲಿ ದೊಡ್ಡ ಅಲೆಯೇ ಎದ್ದಿತು. 78 ಮಕ್ಕಳು ತೀರಿಕೊಂಡರು. ಬಾಯಿಹುಣ್ಣು, ಸಣ್ಣ ಜ್ವರ ಅಂತ ಬಂದ ಮಗುವಿಗೆ ಎರಡು ಮೂರು ದಿನದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ನಿಲ್ಲುತ್ತಿತ್ತು. ಅಲ್ಲಿನ ಡಾಕ್ಟರುಗಳು ಒಂದೊಂದೇ ಮಗುವಿನ ವಿವರ ಕೂಡಿಸುತ್ತಾ ಹೋದಾಗ ಒಂದು ಸುಳಿವು ಮತ್ತೆ ಮತ್ತೆ ಸಿಕ್ಕಿತು. ಮೆದುಳಿಗೆ ಏರಿದ ಮಕ್ಕಳಲ್ಲಿ ಸುಮಾರು ಮಂದಿ, ಉಸಿರು ಕೆಡುವ ಮೊದಲೇ, ನಿದ್ದೆ ಹತ್ತುವಾಗ ಕೈಕಾಲು ಝಾಡಿಸಿ ಬೆಚ್ಚುತ್ತಿದ್ದರು. ಜೊತೆಗೆ ವಾಂತಿ, ನಡೆಯುವಾಗ ತೂರಾಟ, ಮಂಕು.

ಪಾಷಾಣದ ಮೇಲಿನ ಮಹಡಿಯ ಕ್ಲಿನಿಕ್ಕಿನಲ್ಲಿ ಆ ಡಾಕ್ಟರು ಎರಡು ಸಲ ಕೇಳಿದ್ದು ಇದನ್ನೇ. ತೈವಾನ್‌ನ ತಾಯಂದಿರು ತಮ್ಮ ಡಾಕ್ಟರಿಗೆ ಹೇಳಿದ ಮಾತು ಪುಸ್ತಕದೊಳಗೆ ಹೋಗಿ, ಇನ್ನೊಂದು ದೇಶದ ಡಾಕ್ಟರ ಬಾಯಿಂದ ಪ್ರಶ್ನೆಯಾಗಿ ನನ್ನ ಮುಂದೆ ಬಂದಿತ್ತು. ಅವತ್ತು ಅವರು ಕಾರಣ ಹೇಳದೇ ಇದ್ದದ್ದು ಸರಿಯಾ? ನಾನು ಇದನ್ನು ಬಹಳ ಸಲ ಯೋಚಿಸಿದ್ದೇನೆ. ನನ್ನ ಗಂಡ ತಪ್ಪು ಅನ್ನುತ್ತಾನೆ. ಗೊತ್ತಿರಬೇಕು, ಅದು ನಮ್ಮ ಹಕ್ಕು ಅನ್ನುವುದು ಅವನ ವಾದ. ನನಗೆ ಹಾಗನ್ನಿಸುವುದಿಲ್ಲ. ಏನು ನೋಡಬೇಕು, ನೋಡಿದರೆ ಏನು ಮಾಡಬೇಕು, ಎಷ್ಟು ಹೊತ್ತಿಗೆ ಮಾಡಬೇಕು, ಈ ಮೂರನ್ನೂ ಹೇಳಿದ್ದರು. ಸಾವಿನ ಲೆಕ್ಕ ಹೇಳಿದ್ದರೆ ಆ ರಾತ್ರಿ ನಾನು ಒಳಲೆ ಹಿಡಿದು ಕೂರುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು ಅನ್ನುವ ನಂಬಿಕೆ ಇದೆ.

ಚೀನಾದಲ್ಲಿ 2015ರಿಂದೀಚೆಗೆ ಎ71ಕ್ಕೆ ಲಸಿಕೆಗಳು ಬಂದಿವೆ. ಅವು ಆ ಒಂದು ವೈರಸ್ಸಿಗೆ ಮಾತ್ರ. ಎ16, ಎ6ಕ್ಕೆ ನಾಟುವುದಿಲ್ಲ. ನಮ್ಮ ಮಕ್ಕಳ ಲಸಿಕೆಯ ಪಟ್ಟಿಯಲ್ಲಿ ಅದಿಲ್ಲ.

ಪೂನಾದವರು

ಅತ್ತೆಗೆ ಇನ್ನೊಂದು ಅಸಮಾಧಾನ ಉಳಿದಿತ್ತು. ರಕ್ತ ಯಾಕೆ ತೆಗೆಯಲಿಲ್ಲ? 'ಇದೇ ರಸ್ತೆಯಲ್ಲೇ ಅಲ್ವಾ ಪೂನಾದವರ ಲ್ಯಾಬು ಇರೋದು? ನಮ್ಮೂರವರೆಗೂ ಬಂದು ಮಂಗ ಹೊತ್ಕೊಂಡು ಹೋದವರಿಗೆ ಪಕ್ಕದ ಬೀದಿ ಮಗು ಕಾಣ್ಸಲ್ವಾ?'

ಇದು ತಮಾಷೆಯಲ್ಲ. ಸೊರಬದ ಕಡೆಯ ಹಿರಿಯರಿಗೆ 'ಪೂನಾದವರು' ಅಂದರೆ ಐಟಿ ಕಂಪನಿಯವರಲ್ಲ, ಮಂಗನ ಕಾಯಿಲೆಯವರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಊರಿನ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ರಿಸರ್ಚ್ ಸೆಂಟರಿನವರು ಬಂದು ಹುಡುಕಿ, ಉಣುಗಿನಿಂದ ಹರಡುವ ಹೊಸ ವೈರಸ್ ಕಂಡುಹಿಡಿದರು. 1952ರಲ್ಲಿ ಶುರುವಾದ ಆ ಸೆಂಟರೇ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್‌ಐವಿ. ಪಾಷಾಣದ ಸೂಸ್ ರಸ್ತೆಯಲ್ಲಿ ಅದರ ಒಂದು ಆವರಣ ಇದೆ. ಅತ್ಯಂತ ಅಪಾಯಕಾರಿ ವೈರಸ್‌ಗಳ ಮೇಲೆ ಕೆಲಸ ಮಾಡುವ, ದೇಶದ ಮೊದಲ ಬಿಎಸ್‌ಎಲ್-4 ಪ್ರಯೋಗಾಲಯ ಅದರೊಳಗೇ. ಅತ್ತೆ ಹುಡುಗಿಯಾಗಿದ್ದಾಗ ಜೀಪಿನಲ್ಲಿ ಬಂದವರು, ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೇಳಿಕಳಿಸಿ ಅಂತ ಊರೂರು ತಿರುಗುತ್ತಿದ್ದುದು ಅವರಿಗೆ ಚೆನ್ನಾಗಿ ನೆನಪಿದೆ. ಕೊರೊನಾ ಕಾಲದಲ್ಲಿ ಟಿವಿಯಲ್ಲಿ ಪುಣೆಯ ಲ್ಯಾಬ್ ತೋರಿಸಿದಾಗ, 'ಓ ಅವರೇ' ಅಂದಿದ್ದರು, ದೂರದ ನೆಂಟರನ್ನು ಕಂಡವರ ಹಾಗೆ.

ಹೀಗಾಗಿ ಅತ್ತೆಯ ಪ್ರಶ್ನೆಗೆ ತೂಕ ಇತ್ತು. ಮಂಗನ ಕಾಯಿಲೆಗೆ ಪರೀಕ್ಷೆ ಬೇಕೇ ಬೇಕು. ಅದು ಅದೇನಾ, ಬೇರೆ ಜ್ವರವಾ ಅಂತ ತಿಳಿದರೆ ಮಾಡುವ ಕೆಲಸ ಬದಲಾಗುತ್ತದೆ. ಆ ಕಾಡಿಗೆ ಹೋಗಬೇಡಿ, ದನಗಳ ಮೈ ನೋಡಿ, ಊರಿಗೆ ಎಚ್ಚರಿಕೆ ಕೊಡಿ ಅನ್ನಬೇಕಾಗುತ್ತದೆ. ನಮ್ಮ ಮಗಳ ಗುಳ್ಳೆಯ ನೀರನ್ನೋ, ಗಂಟಲಿನ ದ್ರವವನ್ನೋ ಪಿಸಿಆರ್ ಮಾಡಿಸಿದ್ದರೆ ಎ16 ಅಂತಲೋ ಎ6 ಅಂತಲೋ ಬರುತ್ತಿತ್ತು. ಆಗಲೂ ಕೊಡುವುದು ಅದೇ ಪ್ಯಾರಾಸಿಟಮಾಲ್, ಅದೇ ಎಳನೀರು. ನೋಡಬೇಕಾದದ್ದೂ ಅದೇ. ಉತ್ತರ ಬರುವಷ್ಟರಲ್ಲಿ ಮಗು ಎದ್ದು ಓಡಾಡುತ್ತಿರುತ್ತದೆ. ಮೆದುಳಿಗೆ ಏರಿದ ಅನುಮಾನ ಬಂದರೆ, ಊರಲ್ಲಿ ಎಂದೂ ಇಲ್ಲದಷ್ಟು ಮಕ್ಕಳಿಗೆ ಹರಡಿದರೆ ಪರೀಕ್ಷೆಗೆ ಅರ್ಥ ಇದೆ. ಮನೆಯಲ್ಲಿ ಕೂತು ಸಮಾಧಾನಕ್ಕೆ ಮಾಡಿಸುವ ಪರೀಕ್ಷೆಗೆ, ನನ್ನ ಪ್ರಕಾರ, ಇಲ್ಲ.

ಕಾಕ್ಸಾಕಿ ಅನ್ನುವುದೂ ಊರಿನ ಹೆಸರೇ. ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿಯ ದಂಡೆಯ ಸಣ್ಣ ಪಟ್ಟಣ. ಗಿಲ್ಬರ್ಟ್ ಡಾಲ್ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ ಪೋಲಿಯೋ ವೈರಸ್ ಹುಡುಕುತ್ತಾ ಅಲ್ಲಿನ ಮಕ್ಕಳ ಮಲದ ಮಾದರಿಯನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿ ನೋಡಿದಾಗ ಪೋಲಿಯೋ ಅಲ್ಲದ ಈ ಹೊಸದು ಸಿಕ್ಕಿತು. 1948ರಲ್ಲಿ ಪ್ರಕಟಿಸಿದರು. ದೊಡ್ಡ ಇಲಿಗಳಿಗೆ ಏನೂ ಆಗುತ್ತಿರಲಿಲ್ಲ, ಮರಿಗಳಿಗೇ ಕಾಯಿಲೆ. ಮನುಷ್ಯರಲ್ಲೂ ಕಥೆ ಅದೇ ಜಾಡಿನಲ್ಲಿದೆ. ಐದು ವರ್ಷದೊಳಗಿನವರಿಗೆ ಜಾಸ್ತಿ. ದೊಡ್ಡವರಿಗೆ ಅಂಟಿದರೂ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಸುಮ್ನೆ ಹೊತ್ತು ತಿರುಗುತ್ತೇವೆ. 2022ರಲ್ಲಿ ಕೇರಳದ ಕೊಲ್ಲಂನಿಂದ 'ಟೊಮೆಟೋ ಜ್ವರ' ಅಂತ ಸುದ್ದಿ ಹಬ್ಬಿದಾಗ ನಮ್ಮ ಗ್ರೂಪಿನಲ್ಲಿ ಟೊಮೆಟೋ ತರುವುದನ್ನೇ ನಿಲ್ಲಿಸಿದವರಿದ್ದರು. ಕೇರಳಕ್ಕೆ ಹೋಗಿಬಂದ ಬ್ರಿಟನ್ನಿನ ಇಬ್ಬರು ಮಕ್ಕಳ ಮಾದರಿ ಪರೀಕ್ಷಿಸಿದಾಗ ಸಿಕ್ಕಿದ್ದು ಇದೇ ಕಾಕ್ಸಾಕಿ ಎ16. ಹಳೇ ಕಾಯಿಲೆ, ಹೊಸ ಹೆಸರು, ಅಷ್ಟೇ.

ಪ್ಲೇ ಸ್ಕೂಲಿನ ಸರ್ಟಿಫಿಕೇಟ್

ಎಲ್ಲ ಮುಗಿಯಿತು ಅನ್ನುವಾಗ ಪ್ಲೇ ಸ್ಕೂಲಿನಿಂದ ಮೆಸೇಜು. ಮಗುವಿನಲ್ಲಿ ವೈರಸ್ ಇಲ್ಲ ಅಂತ ಡಾಕ್ಟರ ಸರ್ಟಿಫಿಕೇಟ್ ತಂದರೆ ಮಾತ್ರ ಒಳಗೆ ಬಿಡುತ್ತೇವೆ. ಕೇಳೋಕೆ ನ್ಯಾಯವಾಗಿಯೇ ಇದೆ. ಡಾಕ್ಟರು ಮಾತ್ರ ಪೆನ್ನು ಕೆಳಗಿಟ್ಟರು. ಅಂಥ ಸರ್ಟಿಫಿಕೇಟನ್ನು ಯಾರೂ ಪ್ರಾಮಾಣಿಕವಾಗಿ ಬರೆಯಲು ಆಗುವುದಿಲ್ಲ ಅಂದರು. ಗುಳ್ಳೆ ಒಣಗಿ, ಮಗು ಕುಣಿದಾಡುತ್ತಿದ್ದರೂ ಮಲದಲ್ಲಿ ವಾರಗಟ್ಟಲೆ ವೈರಸ್ ಹೋಗುತ್ತಲೇ ಇರುತ್ತದೆ. ಹಾಗೆ ನೋಡಿದರೆ ತಿಂಗಳುಗಟ್ಟಲೆ ಮನೆಯಲ್ಲಿ ಇಟ್ಟುಕೊಳ್ಳಬೇಕು. ಗುಳ್ಳೆ ಏಳುವ ಮೊದಲೇ, ಬರೀ ಜ್ವರ ಇದ್ದಾಗಲೇ, ಹರಡುವುದು ಶುರುವಾಗಿರುತ್ತದೆ. ಅದನ್ನು ಯಾವ ಸರ್ಟಿಫಿಕೇಟೂ ತಡೆಯುವುದಿಲ್ಲ. 'ಜ್ವರ ಇಲ್ಲ, ಗುಳ್ಳೆ ಒಣಗಿವೆ, ಊಟ ಮಾಡುತ್ತಿದ್ದಾಳೆ, ಶಾಲೆಗೆ ಹೋಗಬಹುದು' ಅಂತ ಇಷ್ಟನ್ನು ಬರೆದು ಸಹಿ ಹಾಕಿದರು.

ಆ ಚೀಟಿ ಹಿಡಿದು ಹೋದೆ. ಅಲ್ಲಿನ ಟೀಚರ್ ಕೆಟ್ಟವರಲ್ಲ. ಬೇರೆ ಪೋಷಕರ ಫೋನು ತಡೆದು ಸಾಕಾಗಿದ್ದವರು. ಬಾಗಿಲಲ್ಲಿ ಎರಡು ಸ್ಯಾನಿಟೈಸರ್ ಬಾಟಲಿ ಇಟ್ಟಿದ್ದರು. ಬರುವ ಪ್ರತಿ ಮಗುವಿನ ಕೈಗೂ ಒಂದು ಹನಿ. ಈ ವೈರಸ್ಸಿಗೆ ಮೇಲೆ ಕೊಬ್ಬಿನ ಪೊರೆ ಇಲ್ಲ. ಹಾಗಾಗಿ ಕೊರೊನಾಗೆ ನಾಟುವಷ್ಟು ಚೆನ್ನಾಗಿ ಸ್ಯಾನಿಟೈಸರ್ ಇದಕ್ಕೆ ನಾಟುವುದಿಲ್ಲ. ಸೋಪು ಹಚ್ಚಿ, ಉಜ್ಜಿ, ಹರಿಯುವ ನೀರಲ್ಲಿ ತೊಳೆಯುವುದೇ ಒಳ್ಳೆಯದು. ಡೈಪರ್ ಬದಲಿಸಿದ ಆಯಾ ಕೈ ತೊಳೆಯುವುದು ಎಲ್ಲಕ್ಕಿಂತ ಮುಖ್ಯ. ಆಟದ ಸಾಮಾನು, ಮೇಜಿಗೆ ತೆಳು ಬ್ಲೀಚಿನ ನೀರು. ಇದನ್ನೆಲ್ಲ ಹೇಳಿದರೆ ಎಲ್ಲಿ ಬೇಜಾರು ಮಾಡಿಕೊಳ್ಳುತ್ತಾರೋ ಅಂತ ಅಳುಕುತ್ತಲೇ ಹೇಳಿದೆ. ಅವರು ನನ್ನನ್ನು ಮಕ್ಕಳ ಬಚ್ಚಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಬೇಸಿನ್ ದೊಡ್ಡವರ ಎತ್ತರಕ್ಕಿತ್ತು. ಮಕ್ಕಳ ಕೈಗೆ ನಲ್ಲಿ ಎಟುಕುತ್ತಲೇ ಇರಲಿಲ್ಲ. ಆಯಾ ಒಬ್ಬೊಬ್ಬರನ್ನೇ ಎತ್ತಿ ಹಿಡಿಯಬೇಕು, ಅದಕ್ಕೇ ಸ್ಯಾನಿಟೈಸರ್ ಅಂದರು. ಮೆಟ್ಟಿಲಿನ ತರಹದ ಮರದ ಮಣೆ ಮಾಡಿಸಬಹುದಲ್ವಾ ಅಂತ ಅಲ್ಲೇ ನಿಂತಿದ್ದ ಇನ್ನೊಂದು ಮಗುವಿನ ಅಪ್ಪ ಕೇಳಿದರು. ಅಳತೆ ತೆಗೆದುಕೊಂಡು ಹೋದರು.

ಮಗಳು ಶಾಲೆಗೆ ಹೋಗಲು ಶುರು ಮಾಡಿ ಎಷ್ಟೋ ದಿನವಾದ ಮೇಲೆ ಅವಳ ಹೆಬ್ಬೆರಳಿನ ಉಗುರು ಬುಡದಿಂದ ಎದ್ದು ಬಂತು. ನೋವಿಲ್ಲ, ರಕ್ತ ಇಲ್ಲ. ಹಳೇ ಉಗುರಿನ ಕೆಳಗೆ ಆಗಲೇ ಹೊಸದು ಮೊಳೆತಿತ್ತು. ಕಾಯಿಲೆ ಬಂದಾಗ ಉಗುರಿನ ಬೆಳವಣಿಗೆ ಕೆಲವು ಕಾಲ ನಿಂತುಹೋಗಿ, ಒಂದೆರಡು ತಿಂಗಳಾದ ಮೇಲೆ ಹೀಗೆ ಕಳಚುವುದುಂಟು. ಎ6 ಬಂದವರಲ್ಲಿ ಜಾಸ್ತಿ. ಹಾಗಾದರೆ ನಮಗೆ ಬಂದದ್ದು ಎ6 ಇರಬಹುದು, ಎ16 ಇನ್ನೂ ಬಾಕಿ ಇದೆ ಅಂದೆ. ಒಂದು ಬಂದರೆ ಇನ್ನೊಂದರಿಂದ ರಕ್ಷಣೆ ಇಲ್ಲ, ಅದಕ್ಕೇ ಕೆಲವು ಮಕ್ಕಳಿಗೆ ಎರಡೆರಡು ಸಲ ಬರುತ್ತದೆ. ಅತ್ತೆ ಆಗಲೇ ಸೊರಬಕ್ಕೆ ಹೊರಡಲು ಟ್ರಂಕು ಕಟ್ಟುತ್ತಿದ್ದರು. ಒಳಲೆಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಿದ್ದವರು ಅದನ್ನು ಮತ್ತೆ ತೆಗೆದು ನನ್ನ ಕಪಾಟಿಗೆ ಹಾಕಿದರು. 'ಹುಣಸೆಹಣ್ಣು ಹಾಕಿ ತಿಕ್ಕಿಡು, ಕಪ್ಪಾಗತ್ತೆ' ಅಂದು, ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದರು.